ಜ್ವರಕ್ಕೆ ಕೂತ ಕಾರು

ಕಾರಿಗೆ ಜ್ವರ ಬಂದಿದೆಯೋ ಇಲ್ಲವೋ ಎಂದು ಅಂಗೈ ಮಗುಚಿ ಮುಟ್ಟಿ ಹೇಳಬಲ್ಲ ಹೆಂಗಸು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನಮ್ಮ ಅತ್ತೆ! ನಂಬದವರು ಚನ್ನಪಟ್ಟಣಕ್ಕೆ ಬಂದು ನೋಡಬಹುದು. ಬರುವಾಗ ಸೆಂಟು ಹಾಕಿಕೊಂಡು ಬರಬೇಡಿ, ಬೀಡಿ ಸೇದಿ ಬರಬೇಡಿ, ಬಾಗಿಲಲ್ಲಿ ಕಾಲು ತೊಳೆದು ಒಳಗೆ ಬನ್ನಿ. ಕಾರು ಚಾರ್ಜಿಗೆ ನಿಂತಿದ್ದರೆ ಜೋರಾಗಿ ಮಾತಾಡಬೇಡಿ. ಇಷ್ಟೆಲ್ಲ ಪಾಲಿಸಿದರೂ ಅವರು ನಿಮ್ಮನ್ನು ಹೊಸ್ತಿಲಲ್ಲೇ ನಿಲ್ಲಿಸಿಬಿಡಬಹುದು. ನನ್ನನ್ನೇ ನಿಲ್ಲಿಸಿದ್ದಾರೆ, ಕಾರಿನ ಕೀಲಿ ನನ್ನ ಕೈಯಲ್ಲಿದ್ದಾಗಲೂ!

ಆ ಕಾರು ಬಂದದ್ದು ನನಗಾಗಿ. ಹೇಳಿಕೊಳ್ಳಲು ಈಗಲೂ ಸ್ವಲ್ಪ ನಾಚಿಕೆ. ನಮ್ಮ ಯಜಮಾನರು ರಾಮನಗರದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾರೆ, ರೈಲಿನಲ್ಲಿ ಹೋಗಿ ರೈಲಿನಲ್ಲಿ ಬರುತ್ತಾರೆ. ಅವರಿಗೆ ಕಾರು ಬೇಕಿಲ್ಲ. ನಾನೋ, ಮದುವೆಯಾಗಿ ಬಂದು ಇಪ್ಪತ್ತೈದು ವರ್ಷ, ಮಾಗಡಿಯ ತವರಿಗೆ ಹೋಗಬೇಕೆಂದಾಗಲೆಲ್ಲ ‘ಯಾವಾಗ ಬಿಡುವು?’ ಎಂದು ಯಾರನ್ನಾದರೂ ಕೇಳಿಕೊಂಡು ಬಂದವಳು. ಮನೆಯಲ್ಲಿ ಮೊದಲಿದ್ದ ಪೆಟ್ರೋಲ್ ಕಾರು ಕಲಿಯಲು ಪ್ರಯತ್ನಿಸಲಿಲ್ಲವೆಂದಲ್ಲ. ನಾನು ಕ್ಲಚ್ಚು ಬಿಟ್ಟಾಗಲೆಲ್ಲ ಅದು ಕಪ್ಪೆಯಂತೆ ಎರಡು ಸಲ ಕುಪ್ಪಳಿಸಿ ಪ್ರಾಣ ಬಿಡುತ್ತಿತ್ತು. ಮೂರು ಸಲ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಮೂರು ಸಲವೂ ಅರ್ಧಕ್ಕೇ ಬಿಟ್ಟುಹೋದವರು ಕಲಿಸುವವರು!

“ಇದಕ್ಕೆ ಕ್ಲಚ್ಚಿಲ್ಲ, ಗೇರಿಲ್ಲ. ನಿನ್ನ ಮಿಕ್ಸಿ ಇದ್ದ ಹಾಗೆ” ಎಂದು ಯಜಮಾನರು ಎಲೆಕ್ಟ್ರಿಕ್ ಕಾರು ತಂದರು. ಎರಡು ತಿಂಗಳಲ್ಲಿ, ನಲವತ್ತೊಂಬತ್ತನೇ ವಯಸ್ಸಿನಲ್ಲಿ, ನಾನೊಬ್ಬಳೇ ಮಾಗಡಿಗೆ ಹೋಗಿ ಮಧ್ಯಾಹ್ನದ ಊಟದ ಹೊತ್ತಿಗೆ ಮನೆಯಲ್ಲಿದ್ದೆ. ಬಂದು ಕಾರು ನಿಲ್ಲಿಸಿದ ಮೇಲೂ ಇಳಿಯಲು ಮನಸ್ಸಾಗದೆ, ಅಮ್ಮ ಕಟ್ಟಿಕೊಟ್ಟ ಚಕ್ಕುಲಿಯನ್ನು ಸ್ಟೇರಿಂಗಿನ ಮುಂದೆಯೇ ಕೂತು ತಿಂದೆ. ಅಂಥ ರುಚಿಯ ಚಕ್ಕುಲಿ ನಾನು ಹುಟ್ಟಿದ ಮೇಲೆ ತಿಂದಿಲ್ಲ.

ಆದರೆ ಒಂದು ತೊಡಕಿತ್ತು. ಮನೆಯ ಕಾರಿಗೆ ಮನೆಯ ಹಿರಿಯರೇ ಹತ್ತುವುದಿಲ್ಲವೆಂದರೆ? “ಅವ್ವನಿಗೆ ಮಂಡಿನೋವು, ಬಸ್ಸು ಹತ್ತೋಕಾಗಲ್ಲ. ಈ ಕಾರು ಕಂಡ್ರೆ ಗಾಬರಿ. ಯುಗಾದಿವರೆಗೆ ನೋಡೋಣ. ಅಷ್ಟರಲ್ಲಿ ಅವ್ವ ಹತ್ತದಿದ್ರೆ ಇದನ್ನ ಕೊಟ್ಟು ಪೆಟ್ರೋಲಿನದು ತಗೊಳ್ಳೋಣ” ಎಂದರು ಯಜಮಾನರು. ಪೆಟ್ರೋಲಿನದು ಎಂದರೆ ಕ್ಲಚ್ಚು. ಕ್ಲಚ್ಚು ಎಂದರೆ ನಾನು ಮತ್ತೆ ‘ಯಾವಾಗ ಬಿಡುವು?’

ಕಾರು ಮನೆಗೆ ಬಂದ ದಿನವೇ ಅತ್ತೆ ಅದರ ಸುತ್ತ ಎರಡು ಸುತ್ತು ಬಂದು, ಹಿಂದೆ ಬಗ್ಗಿ ನೋಡಿ, ಮಗನನ್ನು ಕೇಳಿದ್ದರು.

“ಹೊಗೆ ಬುಡೋ ಕೊಳವೆ ಎಲ್ಲೈತ್ಲಾ?”

“ಇದಕ್ಕೆ ಹೊಗೆನೇ ಇಲ್ಲ ಕಣವ್ವ.”

“ಹೊಗೆ ಇಲ್ದಿರೋ ಒಲೆ ಎಲ್ಲಾರ ಐತಾ? ಒಳಗೇ ಇಟ್ಕೊಂಡದೆ ಅನ್ನು. ನಿಮ್ಮಪ್ಪಾರೂ ಹಂಗೇ ಇದ್ರು. ಆರು ತಿಂಗ್ಳು ತುಟಿ ಬಿಚ್ತಿರ್ಲಿಲ್ಲ, ಏಳ್ನೇ ತಿಂಗ್ಳು ತಟ್ಟೆ ಹಾರೋದು!”

ಈ ಮಾತಿಗೆ ವಿಜ್ಞಾನದಲ್ಲಿ ಉತ್ತರವಿದೆಯೇ? ಇದ್ದರೂ ಯಜಮಾನರು ಕಲಿಸುವುದು ಇತಿಹಾಸ.

ಪೂಜೆಗೆ ಕೆಂಗಲ್ಲಿನ ಆಂಜನೇಯನ ಗುಡಿಗೆ ಹೋದೆವು. ನಾವು ಕಾರಿನಲ್ಲಿ, ಅತ್ತೆ ಆಟೋದಲ್ಲಿ. “ಒಸಿ ದೂರ ಇಟ್ಕೊಂಡೇ ಹೋಗಪ್ಪ” ಎಂದು ಆಟೋದವನಿಗೆ ದಾರಿಯುದ್ದಕ್ಕೂ ಹೇಳಿಕೊಂಡು ಬಂದರಂತೆ. ಗುಡಿಯ ಮುಂದೆ ಅರ್ಚಕರು ಚಕ್ರಗಳಿಗೆ ನಿಂಬೆಹಣ್ಣು ಇಟ್ಟು, ಹೂವು ಮುಡಿಸಿ, ತಟ್ಟೆಯಲ್ಲಿ ಕರ್ಪೂರ ಹಚ್ಚಿದ್ದೇ ತಡ, ಅತ್ತೆ ಕೈಯೆತ್ತಿ ಕೂಗಿದರು.

“ಅಯ್ನೋರೇ, ಬೆಂಕಿ ಹತ್ರ ತರ್ಬೇಡಿ! ಅಲ್ಲಿಂದ್ಲೇ ಬೆಳಗಿ!”

“ಎಲ್ಲಿಂದಮ್ಮಾ?”

“ಒಸಿ ಹಿಂದಕ್ಕೆ ಹೋಗಿ. ಇನ್ನೊಸಿ... ಹೂಂ, ಇನ್ನೊಸಿ...”

ಅರ್ಚಕರು ಹಿಂದೆ ಹಿಂದೆ ಸರಿಯುತ್ತ ಹೋಗಿ, ಯಾರದೋ ಹೊಸ ಟ್ರ್ಯಾಕ್ಟರಿನ ಮುಂದೆ ನಿಂತು ಮಂಗಳಾರತಿ ಎತ್ತಿದರು. ಟ್ರ್ಯಾಕ್ಟರಿನವರು ಭಕ್ತಿಯಿಂದ ಆರತಿ ಕಣ್ಣಿಗೊತ್ತಿಕೊಂಡು ಹೊರಟೇಹೋದರು! ನಮ್ಮ ಕಾರಿಗೆ ಸಿಕ್ಕಿದ್ದು ಒಂದು ಬೊಟ್ಟು ಕುಂಕುಮ. ಅದನ್ನೂ ಅತ್ತೆ, ಕಾದ ಹೆಂಚು ಮುಟ್ಟಿದವರಂತೆ, ಬೆರಳು ತಾಗಿಸಿ ಸರಕ್ಕನೆ ಎಳೆದುಕೊಂಡರು. ನೀವು ನಗುತ್ತಿರಬಹುದು. ಆಗ ನಾನೂ ನಕ್ಕೆ. ನಗುವಾಗ ನಾನೆಲ್ಲಿ ನಿಂತಿದ್ದೆ ಎಂದು ಮಾತ್ರ ಕೇಳಬೇಡಿ. ಅತ್ತೆಯ ಬೆನ್ನ ಹಿಂದೆ.

ಇನ್ನು ಚಾರ್ಜಿನ ವಿಷಯ. ನಮ್ಮ ಹಿತ್ತಲಲ್ಲಿ ಒಂದು ಹುಳದ ಮನೆಯಿದೆ. ಅತ್ತೆ ಅಲ್ಲಿ ಬಹುಕಾಲ ರೇಷ್ಮೆ ಹುಳು ಸಾಕಿದವರು. ಮಂಡಿ ಕೈಕೊಟ್ಟ ಮೇಲೆ ನಿಲ್ಲಿಸಿದರು. ಕಾರು ನಿಲ್ಲಿಸಲು ನೆರಳಿದ್ದ ಜಾಗ ಅದೊಂದೇ, ಆದ್ದರಿಂದ ಎಲೆಕ್ಟ್ರಿಷಿಯನ್ ಚಾರ್ಜರನ್ನು ಅಲ್ಲೇ ಗೋಡೆಗೆ ಕೂರಿಸಿದ. ನಾವು ಮಾಡಿದ ತಪ್ಪು ಅದೇ. ಆ ಮನೆಯೊಳಗೆ ಏನು ಬಂದು ಕೂತರೂ ಅತ್ತೆಯ ಕಣ್ಣಿಗೆ ಅದು ಹುಳ. ನಾಲ್ಕು ಚಕ್ರವಿದ್ದರೂ ಹುಳವೇ!

ಹುಳದ ಮನೆಗೆ ಹುಳದ ಮನೆಯದೇ ಕಾನೂನು. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಘಾಟು, ಹೊಗೆ, ಸೆಂಟಿನ ವಾಸನೆ ಆಗದು. ಹಾಗಾಗಿ ಕಾರು ಚಾರ್ಜಿಗಿರುವಾಗ ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಬಂದ್! ಯಜಮಾನರು ತಟ್ಟೆಯಲ್ಲಿನ ಬೋಳು ಸಾರನ್ನು ನೋಡಿ, “ಓ, ಇವತ್ತು ಅದರ ಊಟವೋ?” ಎಂದು ನಿಟ್ಟುಸಿರುಬಿಡುತ್ತಿದ್ದರು. ಗೋಡೆಯ ಮೇಲಿದ್ದ ಹಳೆಯ ಥರ್ಮಾಮೀಟರನ್ನು ಅತ್ತೆ ಸೆರಗಿನಿಂದ ಒರೆಸಿ, ಕಾರಿನ ಕನ್ನಡಿಗೆ ದಾರ ಕಟ್ಟಿ ತೂಗುಹಾಕಿದರು. ಗಂಟೆಗೊಮ್ಮೆ ಹೋಗಿ ಕಾರಿನ ಮೈ ಮುಟ್ಟುವುದು, ಥರ್ಮಾಮೀಟರು ನೋಡುವುದು, ಬಂದು ಸುದ್ದಿ ಹೇಳುವುದು.

ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಆ ಹೊತ್ತಿನಲ್ಲಿ ಅದು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಸುಮ್ಮನೆ ಕೂರುತ್ತದೆ. ಇದಕ್ಕೆ ನಮ್ಮ ಕಡೆ ‘ಜ್ವರಕ್ಕೆ ಕೂರುವುದು’ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು. ಚಾರ್ಜಾಗುವಾಗ ಕಾರು ಸ್ವಲ್ಪ ಬೆಚ್ಚಗಾಗುವುದು ಸಹಜ ತಾನೇ? ಅತ್ತೆ ಮುಟ್ಟಿ ನೋಡುವರು. “ಮೈ ಬೆಚ್ಚಗೈತೆ, ಜ್ವರಕ್ಕೆ ಕೂತದೆ” ಎನ್ನುವರು. ಟಪ್ಪನೆ ಸ್ವಿಚ್ಚು ಆರಿಸುವರು! ಹೀಗಾಗಿ ನಮ್ಮ ಕಾರು ಹೊಟ್ಟೆ ತುಂಬ ಉಂಡ ದಿನವೇ ಇಲ್ಲ.

ಇದರ ಫಲ ಉಂಡವಳು ನಾನು. ಕನಕಪುರದಲ್ಲಿ ಗೆಳತಿಯ ಮಗಳ ಮದುವೆ. ಅರ್ಧ ದಾರಿಗೇ ಕಾರಿನ ಪರದೆಯ ಮೇಲೆ ಉಳಿದ ಕಿಲೋಮೀಟರುಗಳ ಸಂಖ್ಯೆ, ಇನ್ನೂ ಇರುವ ದಾರಿಗಿಂತ ಕಡಿಮೆ ಕಾಣಿಸಿತು. ಏಸಿ ಆರಿಸಿದೆ. ಹಾಡು ನಿಲ್ಲಿಸಿದೆ. ಬ್ಲೌಸಿನ ತೋಳು ಬೆವರಿಗೆ ಒದ್ದೆಯಾದರೂ ಕಿಟಕಿ ಇಳಿಸಲಿಲ್ಲ, ಇಳಿಸಲು ಎಷ್ಟು ಕರೆಂಟು ಹೋಗುತ್ತದೋ ಯಾರಿಗೆ ಗೊತ್ತು? ಏರು ಬಂದಾಗ ಉಸಿರು ಬಿಗಿಹಿಡಿದೆ, ಅದರಿಂದ ಕಾರಿಗೆ ಭಾರ ಕಡಿಮೆಯಾಗುತ್ತದೇನೋ ಎಂಬಂತೆ. ಅಂತೂ ತಲುಪಿದೆ. ಛತ್ರದ ಬಾಗಿಲಲ್ಲಿ ಗೆಳತಿ ನನ್ನ ಒದ್ದೆ ಮುಖ, ಮುದ್ದೆಯಾದ ರೇಷ್ಮೆ ಸೀರೆ ನೋಡಿ, “ನಡ್ಕೊಂಡ್ ಬಂದ್ಯೇನೇ?” ಎಂದಳು.

“ಇಲ್ಲ ಕಣೇ, ಎಲೆಕ್ಟ್ರಿಕ್ ಕಾರಲ್ಲಿ ಬಂದೆ.”

“ಅದ್ಕೇ ಕೇಳಿದ್ದು!”

ಇಷ್ಟು ಹೊತ್ತೂ ಅತ್ತೆಯ ಭಯದ ಕತೆ ಹೇಳಿ ನಾನು ಧೈರ್ಯವಂತೆಯಂತೆ ಮೆರೆದೆನಲ್ಲ, ಈಗ ನಿಜ ಹೇಳುತ್ತೇನೆ. ನೆರೆಯವರು ಯಾರಾದರೂ, “ಏನ್ರೀ, ಬಾಗಿಲಲ್ಲಿ ಎರಡು ಬಕೆಟ್ ಮರಳು ಇಟ್ಟಿದೀರಲ್ಲ?” ಎಂದರೆ, “ನಮ್ಮ ಅತ್ತೆಗೆ ಭಯ ಕಣ್ರೀ, ಹಳೇ ಕಾಲದವರು” ಎಂದು ಕಣ್ಣು ಹೊಡೆದು ನಗುತ್ತಿದ್ದೆ. ಒಂದು ಬಕೆಟ್ ಅತ್ತೆಯದು. ಇನ್ನೊಂದು ನನ್ನದು! ಡಿಕ್ಕಿಯಲ್ಲಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರೂ ನನ್ನದೇ. ವಾಟ್ಸಾಪಿನಲ್ಲಿ ಎಲ್ಲೋ ಸ್ಕೂಟರು ಉರಿಯುವ ವಿಡಿಯೋ ಬಂದರೆ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡುತ್ತಿದ್ದೆ, ಔಷಧಿಯ ಹಾಗೆ. ಕಾರಿನ ಇಂಗ್ಲಿಷ್ ಕೈಪಿಡಿಯನ್ನು ಮಧ್ಯಾಹ್ನದ ಹೊತ್ತು ಅತ್ತೆಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದವಳೂ ನಾನೇ. ಇಂಗ್ಲಿಷಿನಲ್ಲಿ ಎಷ್ಟು ಸಾಧುವಾದ ಎಚ್ಚರಿಕೆಗಳು! ನನ್ನ ಕನ್ನಡದಲ್ಲಿ ಅವು ಭೂತ ಬಿಡಿಸುವ ಮಂತ್ರದಂತೆ ಕೇಳುತ್ತಿದ್ದವು. ಓದುವವಳ ದನಿ ನಡುಗಿದರೆ ಕೇಳುವವರು ಧೈರ್ಯವಾಗಿರುವುದು ಹೇಗೆ?

“ಪೆಟ್ರೋಲ್ ಕಾರುಗಳೂ ಉರಿಯುತ್ತವೆ. ಅವನ್ನ ಯಾರೂ ಫಾರ್ವರ್ಡ್ ಮಾಡಲ್ಲ ಅಷ್ಟೆ” ಎಂದರು ಯಜಮಾನರು.

ಅತ್ತೆ ಎಲೆಅಡಿಕೆ ಮಡಿಸುತ್ತ, “ಉರಿಯೋದಕ್ಕೆ ಯಾರು ಹೆದ್ರೋರು? ಇದು ಹತ್ಕೊಂಡ್ರೆ ಆರ್ಸಕ್ಕೆ ಬೋ ಕಷ್ಟ, ಆರ್ತು ಅಂದ್ಮೇಲೂ ತಿರ್ಗಾ ಹತ್ಕತದೆ ಅಂತ ಆ ಪುಸ್ತಕದಾಗೇ ಐತಂತೆ. ನಿನ್ ಹೆಂಡ್ತಿನೇ ಓದಿದ್ದು!” ಎಂದರು.

ಯಜಮಾನರು ನನ್ನ ಕಡೆ ನೋಡಿದರು. ನಾನು ಬೀನ್ಸಿನ ನಾರು ತೆಗೆಯುವುದರಲ್ಲಿ ಮಗ್ನಳಾದೆ.

ಬೇಸಿಗೆ ಕಾಲಿಟ್ಟಿತು, ಯುಗಾದಿಗೆ ಒಂದು ವಾರ ಉಳಿಯಿತು. ನಾನು ಅತ್ತೆಯ ಮುಂದೆ ಕೂತು, “ಒಂದೇ ಒಂದು ಸಲ ಹತ್ತಿ ಅತ್ತೆ. ಇಲ್ಲದಿದ್ದರೆ ಕಾರು ಹೋಗುತ್ತೆ, ನಾನೂ ಮನೇಲೇ ಕೂರ್ತೀನಿ” ಎಂದೆ. ಅತ್ತೆ ನನ್ನ ಮುಖ ನೋಡಿದರು, ಹಿತ್ತಲ ಕಡೆ ನೋಡಿದರು. ಆಮೇಲೆ, “ದೊಡ್ಡಮಳೂರಿಗಾದ್ರೆ ಬತ್ತೀನಿ. ಹೆಚ್ಚುಕಮ್ಮಿ ಆದ್ರೂ ಅಪ್ರಮೇಯಸ್ವಾಮಿ ಗುಡಿ ದಾರೀಲೇ ಆಗ್ಲಿ” ಎಂದರು.

ಅವರದೊಂದು ಷರತ್ತು. ಬೇಸಿಗೆಯಲ್ಲಿ ಹುಳದ ಮನೆಯ ಕಿಟಕಿಗಳಿಗೆ ಒದ್ದೆ ಗೋಣಿತಾಟು ಇಳಿಬಿಟ್ಟು ತಂಪು ಮಾಡುತ್ತಾರೆ. ಕಾರಿಗೂ ಹಾಗೆ ಮಾಡಬೇಕು! ಅತ್ತೆಗೆ ಬಗ್ಗಲಾಗದು, ಆದ್ದರಿಂದ ಕೆಲಸ ನನ್ನದು. ಬೆಳಿಗ್ಗೆ ಚಾರ್ಜಿಗಿಟ್ಟಾಗ ಗೋಣಿತಾಟನ್ನು ನೆನೆಸಿ, ಹಿಂಡಿ, ಮುಂಭಾಗಕ್ಕೆ ಹೊದಿಸಿದೆ. ಅದು ಜಾರಿ ಜಾರಿ ಬೀಳುತ್ತಿತ್ತು. ನಂಬರ್ ಪ್ಲೇಟಿನ ಕೆಳಗೆ ಜಾಲರಿಯಂಥ ಕಂಡಿಯೊಂದು ಕಾಣಿಸಿತು. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ನನಗೆ ಕರವಸ್ತ್ರ ಮಡಿಸುವುದನ್ನು ಕಲಿಸಿದ್ದರು, ಮೂಲೆಗೆ ಮೂಲೆ ಕೂಡಿಸಿ. ಹಾಗೆಯೇ ಒಂದು ತುಂಡು ತಾಟನ್ನು ಅಚ್ಚುಕಟ್ಟಾಗಿ ಮಡಿಸಿ ಆ ಕಂಡಿಯೊಳಗೆ ಸೇರಿಸಿದೆ. ಹೊರಡುವಾಗ ಮೇಲಿನ ತಾಟು ತೆಗೆದೆ. ಒಳಗಿನದು ಮರೆತೇಹೋಯಿತು.

ಅತ್ತೆ ಮುಂದಿನ ಸೀಟಿನಲ್ಲಿ ಕೂತರು. ನಾನೇ ಬೆಲ್ಟು ಹಾಕಿದೆ. ದೊಡ್ಡಮಳೂರು ತಲುಪುವ ತನಕ ಅವರು ಕಣ್ಣು ತೆರೆಯಲಿಲ್ಲ. ದರ್ಶನ ಮುಗಿಸಿ ಹೊರಬಂದಾಗ ಬೇರೆಯೇ ಮನುಷ್ಯರು! “ಸದ್ದೇ ಇಲ್ವಲ್ಲವ್ವ, ತೇರಿನ ಮೇಲೆ ಕೂತಂಗೈತೆ. ಒಸಿ ಮುಂದಕ್ಕೂ ಹೋಗನಾ?” ಎಂದರು. ಹೋದೆವು. “ಇನ್ನೊಸಿ?” ಇನ್ನೊಸಿ ಹೋದೆವು. ಮದ್ದೂರೂ ದಾಟಿತು. ಏಸಿಯ ಗಾಳಿಗೆ ಮುಖವೊಡ್ಡಿ, ತೋಟಗಳನ್ನು ನೋಡುತ್ತ, ಯಾರ ಹೊಲದಲ್ಲಿ ಹಿಪ್ಪುನೇರಳೆ ಕಿತ್ತು ತೆಂಗು ಹಾಕಿದ್ದಾರೆಂದು ಲೆಕ್ಕ ಹೇಳುತ್ತ ಕೂತರು. ನಾನು ಮನಸ್ಸಿನಲ್ಲೇ ಗೆದ್ದೆ ಎಂದುಕೊಂಡೆ.

ಹಿಂದಿರುಗುವಾಗ, ಇನ್ನೇನು ಊರು ಹತ್ತಿರವಾಯಿತು ಎನ್ನುವಷ್ಟರಲ್ಲಿ ಕಾರು ಟಿಣ್ ಟಿಣ್ ಎಂದಿತು. ಪರದೆಯ ಮೇಲೆ ಕೆಂಪು ಗುರುತು ಮೂಡಿತು. ಏನು ಗುರುತು ಅಂತೀರಿ? ಪುಟ್ಟದೊಂದು ಥರ್ಮಾಮೀಟರು!

“ನಾ ಏಳ್ಲಿಲ್ವಾ? ಜ್ವರ ಕಣವ್ವ!” ಎಂದರು ಅತ್ತೆ.

ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ. ನಿಲ್ಲಿಸಿದ ಮರುಕ್ಷಣ ಗಾಜಿನ ಮುಂದೆ ಬೆಳ್ಳಗೆ ಹೊಗೆ ಎದ್ದಿತು.

ನಮ್ಮ ಕಾನ್ವೆಂಟಿನಲ್ಲಿ ಬೆಂಕಿ ಅವಘಡದ ಅಭ್ಯಾಸ ಮಾಡಿಸುತ್ತಿದ್ದರು. ಗಂಟೆ ಬಾರಿಸಿದೊಡನೆ ಸಾಲಾಗಿ ನಿಲ್ಲಬೇಕು, ಓಡಬಾರದು, ಸಾಮಾನು ಎತ್ತಿಕೊಳ್ಳಬಾರದು, ಪಕ್ಕದವಳ ಕೈ ಬಿಡಬಾರದು. ಅದರಲ್ಲಿ ನನಗೆ ಬಹುಮಾನವೂ ಬಂದಿತ್ತು! ಅಂಥ ನಾನು ಏನು ಮಾಡಿದೆ? ಬಾಗಿಲು ತೆಗೆದೆ, ಓಡಿದೆ. ಎಷ್ಟು ದೂರವೆಂದರೆ, ಹುಣಸೆಮರವೊಂದು ಸಿಕ್ಕಿ ಅದರ ಹಿಂದೆ ನಿಂತಾಗಲೇ ನಿಲುಗಡೆ. ನಿಂತು ನೋಡಿಕೊಂಡರೆ ಹೆಗಲಲ್ಲಿ ವ್ಯಾನಿಟಿ ಬ್ಯಾಗಿದೆ. ಕೈಯಲ್ಲಿ ಪ್ರಸಾದದ ಪೊಟ್ಟಣವಿದೆ. ಅತ್ತೆ ಇಲ್ಲ.

ಅತ್ತೆ ಕಾರಿನಲ್ಲಿದ್ದರು.

“ಅಯ್ಯೋ ಯಾರಾದ್ರೂ ಬನ್ನಿ! ಹೊಗೆ! ಹೊಗೆ!” ಎಂದು ಮರದ ಹಿಂದಿನಿಂದಲೇ ಕಿರುಚಿದೆ. ಕಾರಿನ ಮುಂದಿನಿಂದ ಬೀಸಣಿಗೆ ಹಿಡಿದ ಹೆಂಗಸೊಬ್ಬಳು ಎದ್ದು ನಿಂತಳು.

“ಯಾಕ್ರವ್ವ ಹಂಗ್ ಬಡ್ಕತೀರಾ? ಅದು ನನ್ ಜೋಳದ ಹೊಗೆ ಕಣ್ರವ್ವ! ಈಗ ತಾನೇ ಇದ್ಲಿಗೆ ಬೆಂಕಿ ಹಾಕಿವ್ನಿ. ನಿಮ್ ಕಾರು ತಂದು ನನ್ ಒಲೆ ಬಾಯ್ಗೇ ನಿಲ್ಸಿದೀರಲ್ಲ!”

ನೋಡಿದೆ. ನಿಜ. ಸುಟ್ಟ ಜೋಳ ಮಾರುವವಳ ಗಾಡಿಗೆ ಮೂತಿ ತಾಗುವಷ್ಟು ಹತ್ತಿರ ನಿಲ್ಲಿಸಿದ್ದೆ. ಗೊತ್ತಾದ ಮೇಲೂ ನನ್ನ ಕಾಲು ಅಲ್ಲಾಡಲಿಲ್ಲ. ಜೋಳದವಳು ಕಾರಿನೊಳಗೆ ಇಣುಕಿ, ಕೆನ್ನೆಯ ಮೇಲೆ ಬೆರಳಿಟ್ಟುಕೊಂಡಳು.

“ಅಯ್ಯೋ ಶಿವ್ನೇ! ಅಜ್ಜಿನ ಒಳಗೇ ಬುಟ್ಟು ಓಡ್ಬುಟ್ರಾ! ನಿಮ್ಮವ್ವಾರೇನು?”

“ಅತ್ತೆ” ಎಂದೆ.

“ಹಂಗನ್ನಿ ಮತ್ತೆ!” ಎಂದಳು ಅವಳು.

ಆಗ ಕಾರಿನ ಕಿಟಕಿಯ ಗಾಜು ಇಳಿದು ಅತ್ತೆಯ ಕೈ ಹೊರಬಂತು. “ಬೆಲ್ಟು ಬಿಚ್ಚಕ್ಕೆ ಬತ್ತಿಲ್ಲ ಕಣವ್ವ. ನೀನೇ ಬಂದು ಬಿಚ್ಚು” ಎಂದರು. ಜೋಳದವಳು, “ತಾಳಜ್ಜಿ, ನಾನ್ ಬಿಚ್ತೀನಿ” ಎಂದಳು. “ನೀ ಮುಟ್ಬ್ಯಾಡ, ಮಸಿ ಕೈ. ಅವಳೇ ಬರ್ಲಿ” ಎಂದರು ಅತ್ತೆ. ನಾನು ಹೋದೆ. ಆ ನೂರು ಹೆಜ್ಜೆ ನಡೆದಷ್ಟು ನಿಧಾನವಾಗಿ ಸಪ್ತಪದಿಯನ್ನೂ ನಡೆದಿರಲಿಲ್ಲ. ಬಾಗಿ ಬೆಲ್ಟಿನ ಗುಂಡಿ ಒತ್ತಿದೆ, ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಬಿಚ್ಚಿತು. ಅತ್ತೆ ಇಳಿದು, ಜೋಳದವಳ ಹತ್ತಿರ ಒಂದು ಜೋಳ ಕೇಳಿದರು.

ಫೋನು ಮಾಡಿ ಕರೆಸಿದ ಸರ್ವೀಸಿನವನು ಬಂದು, ಕಾರಿನ ಮುಂದೆ ಮಂಡಿಯೂರಿ, ಕಂಡಿಯೊಳಗೆ ಕೈ ಹಾಕಿ ಗೋಣಿತಾಟನ್ನು ಎಳೆದ. ಗಾಳಿ ಹೋಗುವ ದಾರಿ ಮುಚ್ಚಿ ಕಾರು ಕಾದಿತ್ತು, ಅಷ್ಟೇ.

“ಇಷ್ಟು ನೀಟಾಗಿ ಮಡಿಸಿ ಇಟ್ಟೋರು ಯಾರು ಮೇಡಂ?” ಎಂದು ಗೌರವದಿಂದಲೇ ಕೇಳಿದ.

“ಹುಳದ ಮನೇಲಿ ತಾಟು ಇಳಿ ಬುಡ್ತಾರೆ, ಗಾಳಿ ಆಡ್ಲಿ ಅಂತ. ಯಾರಾರ ತುರುಕ್ತಾರಾ?” ಎಂದು ಅತ್ತೆ ಜೋಳ ತಿನ್ನುತ್ತ ಕೇಳಿದರು. ಹಲ್ಲಿಲ್ಲದ ಒಂದು ಕಡೆ ಬಿಟ್ಟು, ಉಳಿದ ಕಡೆಯಿಂದ ಕಾಳು ಬಿಡಿಸಿ ತಿನ್ನುತ್ತಿದ್ದರು.

ಸಂಜೆ ಯಜಮಾನರು ಬಂದಾಗ ಕೀಲಿಯನ್ನು ಅವರ ಕೈಗೆ ಕೊಟ್ಟೆ. “ಕೊಟ್ಟುಬಿಡಿ. ನಿಮ್ಮ ತಾಯಿಯನ್ನ ಒಳಗೇ ಬಿಟ್ಟು ಓಡಿದವಳು ನಾನು. ಇನ್ನು ಓಡಿಸಲ್ಲ” ಎಂದೆ. ಅವರು ಕೀಲಿಯನ್ನು ದೇವರ ಗೂಡಿನ ಪಕ್ಕದ ಮೊಳೆಗೆ ನೇತುಹಾಕಿದರು.

ಮರುದಿನ ಬೆಳಿಗ್ಗೆ ಯಜಮಾನರು ರೈಲಿಗೆ ಹೋದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ. ಅತ್ತೆ ತಲೆಗೆ ಎಣ್ಣೆ ಹಚ್ಚಿ ಬಾಚಿ, ಹೊಸ ಸೀರೆಯುಟ್ಟು, ಕೀಲಿ ಹಿಡಿದು ನಿಂತಿದ್ದರು.

“ಹೊಂಗನೂರಲ್ಲಿ ನಮ್ಮಕ್ಕನ್ನ ನೋಡ್ಬೇಕು. ಹೊರಡು.”

“ಆಟೋ ಕರೀತೀನಿ ಅತ್ತೆ.”

“ಆಟೋ ಕುಲುಕ್ತದೆ, ಮಂಡಿಗೆ ಆಗಕ್ಕಿಲ್ಲ. ಹೊರಡವ್ವ.”

ಹಿರಿಯರ ಮಾತಿಗೆ ಇಲ್ಲವೆನ್ನುವ ಅಭ್ಯಾಸ ನನಗಿಲ್ಲ. ಬೆಲ್ಟು ಹಾಕಿದೆ. ಹೊಂಗನೂರಿನವರೆಗೆ ಎತ್ತಿನಗಾಡಿಗಿಂತ ಸ್ವಲ್ಪವೇ ಜೋರಾಗಿ ಓಡಿಸಿದೆ. ಹಿಂದಿನ ಬಸ್ಸಿನವನು ಹಾರ್ನಿನಲ್ಲೇ ನನ್ನ ವಂಶವನ್ನೆಲ್ಲ ನೆನೆದ. ಅತ್ತೆಯ ಅಕ್ಕನ ಮನೆಯ ಮುಂದೆ ನಿಲ್ಲಿಸಿದವಳೇ, ನಿನ್ನೆಯ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ, ದಡಬಡನೆ ಇಳಿದು ಆ ಕಡೆಗೆ ಓಡಿದೆ, ಅವರ ಬೆಲ್ಟು ಬಿಚ್ಚಲು.

ಬಾಗಿಲು ತೆಗೆದೆ. ಅತ್ತೆ ಹೆಬ್ಬೆಟ್ಟಿನಿಂದ ಗುಂಡಿ ಒತ್ತಿದರು. ಟಕ್! ಬೆಲ್ಟು ಬಿಚ್ಚಿಕೊಂಡು, ಸರಸರನೆ ತನ್ನ ಗೂಡಿಗೆ ಹೋಯಿತು.

“ಅತ್ತೆ, ನಿಮಗೆ ಬಿಚ್ಚೋಕೆ ಬರುತ್ತಾ?”

“ಮೊದ್ಲಿಂದ್ಲೂ ಬತ್ತದೆ. ಬೆಂಕಿಗೆ ಹೆದ್ರೋಳು ಬಿಚ್ಚೋದು ಕಲೀದೆ ಇರ್ತೀನಾ? ನೀ ಅಡ್ಗೆಮನೇಲಿರೋವಾಗ ಹುಳದ ಮನೇಲಿ ಒಬ್ಳೇ ಇದರೊಳ್ಗೆ ಕೂತ್ಕೊಂಡು ಹಾಕೋದು, ಬಿಚ್ಚೋದು, ಹಾಕೋದು, ಬಿಚ್ಚೋದು...”

ಬಾಗಿಲು ಹಿಡಿದುಕೊಂಡೇ ಕೇಳಿದೆ. “ಮತ್ತೆ ನಿನ್ನೆ? ಹೆದರಿಕೆ ಆಗಲಿಲ್ವಾ?”

“ಆಗ್ದೆ? ಬಾಯಲ್ಲಿ ಎಂಜ್ಲು ಒಣಗೋಗಿತ್ತು ಕಣವ್ವ.” ಅತ್ತೆ ನನ್ನ ಭುಜ ಹಿಡಿದುಕೊಂಡು ಒಂದೊಂದೇ ಕಾಲು ಕೆಳಗಿಟ್ಟರು. “ನಾನೂ ಇಳಿದು ನಿನ್ ಹಿಂದೆ ಓಡ್ಬುಟ್ಟಿದ್ರೆ, ಆಮೇಲೆ ನಿನ್ನ ಈ ಕಾರಿನ ಹತ್ರಕ್ಕೆ ಕರ್ಕೊಂಬರೋರು ಯಾರು?”

ಸೆರಗು ಸರಿಮಾಡಿಕೊಂಡು ಅಕ್ಕನ ಮನೆಯ ಕಡೆ ಎರಡು ಹೆಜ್ಜೆ ಹಾಕಿದವರು, ತಿರುಗಿ ನೋಡಿ, “ಬಿಸ್ಲಲ್ಲಿ ನಿಲ್ಸಿದೀಯಲ್ಲ, ನೆಳ್ಳಿಗೆ ಹಾಕಿ ಬಾ. ನಾ ಇಲ್ಲೇ ನಿಂತಿರ್ತೀನಿ” ಎಂದರು.